‘ಜಾಸ್ತಿ’ ಅಂದ್ರೆ ಎಷ್ಟು?

ಇವತ್ತು ರಾಜಕೀಯ ಬೇಡ. ಕುರ್ಚಿ, ಬಣ, ದೆಹಲಿ ಪ್ರವಾಸ ಎಲ್ಲವೂ ನಾಳೆಯೂ ಇರುತ್ತೆ. ಇವತ್ತಿನ ವಿಷಯ ಕೇಳಿದ ಕೂಡಲೇ ಕೆಲವರು ರಿಮೋಟ್ ಹುಡುಕಬಹುದು. ಮನೆಮಂದಿಯೆಲ್ಲ ಕೂತಿದ್ದೀವಿ, ಇದೇನಮ್ಮ ಈಗ ಅನ್ನಬಹುದು. ಮನೆಮಂದಿಯೆಲ್ಲ ಕೂತಿರುವಾಗಲೇ ಹೇಳಬೇಕು ಅಂತಲೇ ಈ ಹೊತ್ತನ್ನ ಆರಿಸಿಕೊಂಡಿದ್ದೀನಿ.

ಸೋಲೂರಿನಿಂದ ಒಂದು ವಾಯ್ಸ್ ಮೆಸೇಜ್ ಬಂತು. ಮಾಗಡಿ ಸೀಮೆಯ ಸೋಲೂರು. ನೆಲಮಂಗಲ ದಾಟಿ ಕುಣಿಗಲ್ ಕಡೆ ಹೋಗುವಾಗ ಹೆದ್ದಾರಿಯಲ್ಲಿ ಸಿಗುತ್ತಲ್ಲ, ಅದೇ. ಒಬ್ಬ ಹೆಣ್ಣುಮಗಳು ಪಿಸುದನಿಯಲ್ಲಿ ಮಾತಾಡಿದ್ದಾರೆ. ಹಿಂದೆ ನಲ್ಲಿ ನೀರು ಸುರಿಯೋ ಸದ್ದು. ಮಾತು ಆಚೆ ಕೇಳಬಾರದು ಅಂತ ಬಿಟ್ಟಿದ್ದಿರಬೇಕು. ಅವರು ಹೇಳಿದ್ದು ಇಷ್ಟು: “ಮೇಡಂ, ತೆಗೆಸಿ ಹನ್ನೊಂದು ದಿನ ಆಯ್ತು. ಆರನೇ ದಿನಕ್ಕೆ ನಿಂತೋಗಿತ್ತು. ನಿನ್ನೆಯಿಂದ ತಿರ್ಗ ಶುರುವಾಗೈತೆ. ಜಾಸ್ತಿ ಆದ್ರೆ ಬಾ ಅಂದಿದ್ರು ಡಾಕ್ಟ್ರು. ಇದು ಜಾಸ್ತಿನಾ ಅಲ್ವಾ, ಯಾರನ್ನ ಕೇಳ್ಲಿ?”

ಅವರ ಒಪ್ಪಿಗೆ ಪಡೆದೇ ಇದನ್ನ ಹೇಳ್ತಿದ್ದೀನಿ. ಹೆಸರು ಹೇಳಲ್ಲ, ಕೇಳಲೂಬೇಡಿ.

ಆ ಪ್ರಶ್ನೆ ನನ್ನನ್ನ ಎರಡು ದಿನ ಬಿಡಲಿಲ್ಲ. ನಾನು ಡಾಕ್ಟರ್ ಅಲ್ಲ, ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿ ಈ ಕುರ್ಚಿಗೆ ಬಂದವಳು. ಆ ಓದಿನಿಂದ ಉಳಿದುಕೊಂಡ ಒಂದು ಚಾಳಿ ಇದೆ. ಯಾರಾದರೂ “ವೋಲ್ಟೇಜ್ ಜಾಸ್ತಿ ಆದ್ರೆ ಆಫ್ ಮಾಡಿ” ಅಂದರೆ, ಎಷ್ಟಕ್ಕೆ ಅಂತ ಕೇಳ್ತೀವಿ. ಅಂಕಿ ಇಲ್ಲದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ. ಒಂದು ಮೋಟಾರಿಗೆ ಕೊಡೋ ಅಳತೆಯನ್ನ ನಾವು ಒಬ್ಬ ಹೆಂಗಸಿಗೆ ಕೊಟ್ಟು ಕಳಿಸಲ್ಲ. “ಜಾಸ್ತಿ ಆದ್ರೆ ಬನ್ನಿ.” ಚೀಟಿ ಹರಿದು ಕೈಗೆ ಕೊಟ್ಟರೆ ಮುಗೀತು, ಮುಂದಿನವರು. ಡಾಕ್ಟರುಗಳ ಕಷ್ಟವೂ ಗೊತ್ತು. ಹೊರಗೆ ನೂರು ಜನ ನಿಂತಿರ್ತಾರೆ. ಆದರೆ ಆ ಚೀಟಿ ಹಿಡಿದು ಬಸ್ ಹತ್ತಿದವಳ ಮನೆಯಲ್ಲಿ ಅತ್ತೆಗೆ ಗೊತ್ತಿಲ್ಲ, ಕೆಲವೊಮ್ಮೆ ಗಂಡನಿಗೂ ಗೊತ್ತಿಲ್ಲ. ರಾತ್ರಿ ಬಚ್ಚಲಲ್ಲಿ ನಿಂತು ಆ ‘ಜಾಸ್ತಿ’ ಅನ್ನೋ ಪದದ ಅರ್ಥವನ್ನ ಅವಳೊಬ್ಬಳೇ ಬಿಡಿಸಬೇಕು.

ಹಾಗಾದರೆ ನಾವೇ ಬಿಡಿಸೋಣ.

ಮೊದಲು ಒಳಗೆ ಏನಾಗುತ್ತೆ ಅಂತ. ಗರ್ಭ ನಿಂತಾಗ ಗರ್ಭಕೋಶದ ಒಳಪದರ ದಪ್ಪವಾಗುತ್ತೆ, ರಕ್ತನಾಳಗಳು ಹೆಚ್ಚಾಗುತ್ತವೆ. ಮಾತ್ರೆಯಲ್ಲಿ ಗರ್ಭಪಾತ ಮಾಡಿಸಿದರೆ ಎರಡು ಔಷಧ ಕೊಡ್ತಾರೆ. ಮೊದಲನೆಯದು ಮಿಫೆಪ್ರಿಸ್ಟೋನ್. ಗರ್ಭವನ್ನ ಹಿಡಿದಿಟ್ಟುಕೊಳ್ಳೋ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನಿನ ಕೆಲಸವನ್ನ ಅದು ತಡೆಯುತ್ತೆ. 24ರಿಂದ 48 ಗಂಟೆ ಕಳೆದ ಮೇಲೆ ಎರಡನೆಯದು, ಮಿಸೊಪ್ರೊಸ್ಟಾಲ್. ಅದು ಗರ್ಭಕೋಶ ಮುಷ್ಟಿ ಬಿಗಿದಂತೆ ಹಿಂಡಿಕೊಳ್ಳೋ ಹಾಗೆ ಮಾಡುತ್ತೆ. ಆ ಮೊದಲ ಕೆಲವು ಗಂಟೆ ಮುಟ್ಟಿಗಿಂತ ಹೆಚ್ಚೇ ಹೋಗುತ್ತೆ, ಗಡ್ಡೆಗಳೂ ಬರುತ್ತವೆ, ನೋವೂ ಇರುತ್ತೆ. ಅದು ಮಾತ್ರೆ ಕೆಲಸ ಮಾಡ್ತಿರೋ ಲಕ್ಷಣ.

ಆಮೇಲೆ? ಒಳಪದರ ಒಂದೇ ದಿನಕ್ಕೆ ಕಳಚಿ ಬೀಳಲ್ಲ. ಸುಣ್ಣ ಬಳಿದ ಹಳೇ ಗೋಡೆ ಹೆಕ್ಕಳಿಕೆ ಎದ್ದು ಉದುರುತ್ತಲ್ಲ, ಹಾಗೆ ಇವತ್ತಿಷ್ಟು, ನಾಲ್ಕು ದಿನ ಬಿಟ್ಟು ಇನ್ನಷ್ಟು. ಅದಕ್ಕೇ ನಿಂತು ನಿಂತು ಬರುತ್ತೆ. ಒಂದು ದಿನ ಕೆಂಪು, ಇನ್ನೊಂದು ದಿನ ಕಾಫಿಪುಡಿ ಬಣ್ಣ, ಮತ್ತೆರಡು ದಿನ ಏನೂ ಇಲ್ಲ, ಆಮೇಲೆ ನೀರು ಹೊತ್ತ ದಿನ ಇದ್ದಕ್ಕಿದ್ದಂತೆ ಮತ್ತೆ. ಇದು ಮುಟ್ಟಲ್ಲ. ಮುಟ್ಟಿನ ಲೆಕ್ಕ ಇದಕ್ಕೆ ಹಾಕಬಾರದು. ಮಾತ್ರೆ ತೆಗೆದುಕೊಂಡವರಿಗೆ ಬ್ಲೀಡಿಂಗ್ ಅಥವಾ ಕಲೆ ಕಾಣಿಸೋದು ಸರಾಸರಿ 9ರಿಂದ 16 ದಿನ. ನೂರರಲ್ಲಿ ಎಂಟು ಮಂದಿಯವರೆಗೆ 30 ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಸ್ವಲ್ಪ ಸ್ವಲ್ಪ ಇರಬಹುದು. ಇದು ಔಷಧದ ಜೊತೆಗೇ ಬರೋ ಮಾಹಿತಿ ಹಾಳೆಯಲ್ಲಿರೋ ಲೆಕ್ಕ. ಆ ಹಾಳೆ ಇಂಗ್ಲಿಷಿನಲ್ಲಿರುತ್ತೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ಓದೋರು ಯಾರು?

ಆಸ್ಪತ್ರೆಯಲ್ಲಿ ಹೀರುವ ಸಾಧನದಿಂದ ಮಾಡಿಸಿಕೊಂಡರೆ ಬ್ಲೀಡಿಂಗ್ ಸಾಮಾನ್ಯವಾಗಿ ಕಡಿಮೆ. ಒಂದೆರಡು ವಾರ ಕಲೆ ಕಲೆ. ಕೆಲವರಿಗೆ ಎರಡು ದಿನ ಏನೂ ಇರಲ್ಲ, ಮೂರನೇ ದಿನವೋ ಐದನೇ ದಿನವೋ ಒಮ್ಮೆ ಹೆಚ್ಚಾಗಿ ಹೋಗಿ ಆಮೇಲೆ ಇಳಿಯುತ್ತೆ. ನಿಜವಾದ ಮುಟ್ಟು ಬರೋದು ನಾಲ್ಕರಿಂದ ಎಂಟು ವಾರಕ್ಕೆ. ಮೊದಲ ಮುಟ್ಟು ಸ್ವಲ್ಪ ಜೋರಾಗಿಯೇ ಇರಬಹುದು.

ಹೀಗಾಗಿ ಸೋಲೂರಿನ ಆ ತಂಗಿಯ ಹನ್ನೊಂದನೇ ದಿನ ಹೆದರಬೇಕಾದ ದಿನ ಅಲ್ಲ. ಒಬ್ಬ ಸ್ತ್ರೀರೋಗ ತಜ್ಞೆಯ ಜೊತೆ ಫೋನಿನಲ್ಲಿ ಮಾತಾಡಿಸಿದೆ. ಬೆಳಗಿನಿಂದ ಎಷ್ಟು ಪ್ಯಾಡು? ಎರಡು. ಜ್ವರ? ಇಲ್ಲ. ವಾಸನೆ? ಇಲ್ಲ. ಹೊಟ್ಟೆನೋವು? ಮುಟ್ಟಿನ ಹಾಗೆ, ಅಷ್ಟೇ. ನಾಲ್ಕು ಪ್ರಶ್ನೆ, ಎರಡು ನಿಮಿಷ. ಆ ಎರಡು ನಿಮಿಷ ಮೊದಲೇ ಸಿಕ್ಕಿದ್ದರೆ ನಲ್ಲಿ ತಿರುಗಿಸಿಟ್ಟು ಟಿವಿಯವಳಿಗೆ ಮೆಸೇಜ್ ಕಳಿಸಬೇಕಾಗಿರಲಿಲ್ಲ.

ಈಗ ಅಂಕಿ. ಕಾಗದ, ಪೆನ್ನು ತಗೊಳ್ಳಿ, ನಿಧಾನಕ್ಕೆ ಹೇಳ್ತೀನಿ. ದೊಡ್ಡ ಸೈಜಿನ ಪ್ಯಾಡು ಗಂಟೆಗೆ ಎರಡು ಪೂರ್ತಿ ನೆನೆದು, ಹೀಗೇ ಸತತ ಎರಡು ಗಂಟೆ ನಡೆದರೆ, ಅದು ‘ಜಾಸ್ತಿ’. ಮೂರನೇ ಗಂಟೆ ಕಾಯಬಾರದು, ಹೊರಡಬೇಕು. ಬಟ್ಟೆ ಬಳಸುವವರು ಎಣಿಸುತ್ತಾ ಕೂರೋದೇ ಬೇಡ. ಬದಲಾಯಿಸಿದ ಬಟ್ಟೆ ಕೂಡಲೇ ಮತ್ತೆ ನೆನೆದು ಕಾಲ ಮೇಲೆ ಇಳಿಯುತ್ತಿದ್ದರೆ ಅದೇ ಅಳತೆ. ನಿಂಬೆಹಣ್ಣಿನ ಗಾತ್ರದ ಗಡ್ಡೆಗಳು ಒಂದರ ಹಿಂದೆ ಒಂದು ಬರ್ತಾನೇ ಇದ್ದರೆ, ಅದೂ ಜಾಸ್ತಿ. ಕಣ್ಣು ಕತ್ತಲೆ ಬಂದು ನಿಲ್ಲೋಕೆ ಆಗದಿದ್ದರೆ ಪ್ಯಾಡಿನ ಲೆಕ್ಕವನ್ನೇ ಬಿಡಿ, 108ಕ್ಕೆ ಫೋನ್ ಮಾಡಿ.

ಇನ್ನೊಂದು ತುದಿಯೂ ಇದೆ, ಅದನ್ನ ಯಾರೂ ಹೇಳಲ್ಲ. ಏನೂ ಹೋಗದೇ ಇರೋದು. ಎರಡನೇ ಮಾತ್ರೆ ತೆಗೆದುಕೊಂಡು 24 ಗಂಟೆಯಾದರೂ ಬ್ಲೀಡಿಂಗ್ ಆಗಲಿಲ್ಲ, ಅಥವಾ ನಾಲ್ಕು ತೊಟ್ಟು ಬಂದು ನಿಂತಿತು ಅಂದರೆ “ಅಬ್ಬಾ, ಸಲೀಸಾಯ್ತು” ಅನ್ನಬೇಡಿ. ಮಾತ್ರೆ ಕೆಲಸ ಮಾಡದೇ ಇರಬಹುದು. ಗರ್ಭ ಗರ್ಭಕೋಶದಲ್ಲಿರದೆ ನಾಳದಲ್ಲಿ ಕೂತಿರಬಹುದು. ಈ ಮಾತ್ರೆ ನಾಳದ ಗರ್ಭವನ್ನ ತೆಗೆಯಲ್ಲ. ಹೊಟ್ಟೆಯ ಒಂದೇ ಪಕ್ಕ ಕಿತ್ತು ತಿನ್ನೋ ನೋವು, ಭುಜದಲ್ಲಿ ನೋವು, ತಲೆಸುತ್ತು ಬಂದರೆ ನಾಳ ಒಡೆದು ಹೊಟ್ಟೆಯ ಒಳಗೇ ರಕ್ತ ಸೋರುತ್ತಿರಬಹುದು. ಹೊರಗೆ ಕಾಣೋ ರಕ್ತ ಸ್ವಲ್ಪವೇ. ಜೀವಕ್ಕೇ ಅಪಾಯ.

ಇಲ್ಲಿ ಮೆಡಿಕಲ್ ಸ್ಟೋರಿನ ಮಾತು ಬರಲೇಬೇಕು. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಅಂದಾಜಿನಲ್ಲಿ, 2015ರಲ್ಲಿ ಇಡೀ ದೇಶದಲ್ಲಿ ಆದ ಗರ್ಭಪಾತ ಸುಮಾರು 1 ಕೋಟಿ 56 ಲಕ್ಷ. ಅದರಲ್ಲಿ ಶೇಕಡ 73 ಆಸ್ಪತ್ರೆಯ ಮೆಟ್ಟಿಲು ಹತ್ತದೆ, ಹೊರಗಿನಿಂದ ಮಾತ್ರೆ ತಂದು ಆದದ್ದು. ನಾಲ್ವರಲ್ಲಿ ಹೆಚ್ಚುಕಡಿಮೆ ಮೂವರು. ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಮಾತ್ರೆ ಇದು. ಆದರೂ ಪೇಟೆ ಬೀದಿಯಲ್ಲಿ ಕಾಗದದ ಕವರಿನಲ್ಲಿ ಸುತ್ತಿ ಕೈಗೆ ಬರುತ್ತೆ. ಎಷ್ಟು ವಾರ ಆಗಿದೆ ಅಂತ ಕೇಳಲ್ಲ, ಯಾವುದು ಮೊದಲು ಯಾವುದು ಆಮೇಲೆ ಅಂತ ಸರಿಯಾಗಿ ಹೇಳಲ್ಲ. ಮಾತ್ರೆ ಕೆಟ್ಟದ್ದಲ್ಲ. ಸರಿಯಾದ ವಾರದಲ್ಲಿ ಸರಿಯಾಗಿ ತೆಗೆದುಕೊಂಡರೆ ಬಹಳ ಸುರಕ್ಷಿತ. ಒಂಬತ್ತು ವಾರದೊಳಗೆ ಡಾಕ್ಟರ್ ನೋಡಿ ಕೊಡಬೇಕು ಅನ್ನೋದು ನಿಯಮ. ಅಂಗಡಿಯವನು ನೋಡೋದು ನೋಟು ಮಾತ್ರ. ವಾರ ಹೆಚ್ಚಾಗಿದ್ದರೆ ಬ್ಲೀಡಿಂಗೂ ಹೆಚ್ಚು, ಅರ್ಧ ಉಳಿಯೋ ಸಾಧ್ಯತೆಯೂ ಹೆಚ್ಚು. ಆಮೇಲೆ ಅದೇ ಅಂಗಡಿಗೆ ಹೋಗಿ “ನಿಲ್ತಾ ಇಲ್ಲ” ಅಂದರೆ, ನಿಲ್ಲೋಕೆ ಇನ್ನೊಂದು ಮಾತ್ರೆ! ಒಳಗೆ ತುಣುಕು ಉಳಿದು ಹೋಗ್ತಿದ್ದರೆ ಆ ಮಾತ್ರೆ ತುಣುಕನ್ನೇನೂ ತೆಗೆಯಲ್ಲ.

ಇನ್ನು ಮನೆಯ ವೈದ್ಯ. “ಕೆಟ್ಟ ರಕ್ತ, ಹೋಗ್ಲಿ ಬಿಡು, ಮೈ ಹಗುರ ಆಗ್ತದೆ.” ಈ ಮಾತನ್ನ ಅಜ್ಜಿಯರು ಪ್ರೀತಿಯಿಂದಲೇ ಹೇಳ್ತಾರೆ. ಆದರೆ ಕೆಟ್ಟ ರಕ್ತ ಅಂತ ಬೇರೆ ಇಲ್ಲ. ಹೋಗ್ತಿರೋದು ಕೈಕಾಲಿಗೆ, ಮಿದುಳಿಗೆ ಹೋಗೋ ಅದೇ ರಕ್ತ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತೆ. ತುಂಬಿದ ಸಂಪಿನಿಂದ ನಾಲ್ಕು ಬಿಂದಿಗೆ ಎತ್ತೋದಕ್ಕೂ, ತಳ ಕಾಣೋ ಸಂಪಿನಿಂದ ನಾಲ್ಕು ಬಿಂದಿಗೆ ಎತ್ತೋದಕ್ಕೂ ವ್ಯತ್ಯಾಸ ಇಲ್ವಾ? ಹಿಮೋಗ್ಲೋಬಿನ್ 12 ಇರೋಳು ತಡಕೊಳ್ಳೋ ಬ್ಲೀಡಿಂಗನ್ನ 7 ಇರೋಳು ತಡಕೊಳ್ಳಲ್ಲ. ಆದ್ದರಿಂದ ನಾನು ಈಗ ಕೊಟ್ಟ ಅಳತೆ ಮೇಲಿನ ಮಿತಿ. ಮೊದಲೇ ರಕ್ತ ಕಡಿಮೆ ಅಂತ ಗೊತ್ತಿದ್ದವರು ಅದಕ್ಕೂ ಮುಂಚೆಯೇ ಹೋಗಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡ್ತಾರೆ, ಕಬ್ಬಿಣಾಂಶದ ಮಾತ್ರೆ ಪುಕ್ಕಟೆ.

ಒಂದು ವಿಚಿತ್ರ ಗಮನಿಸಿ. ಹೆರಿಗೆಯಾದವಳಿಗೆ ನಮ್ಮಲ್ಲಿ ಬಾಣಂತನ ಇದೆ. ಮೆಣಸಿನ ಸಾರು, ಬೆಳ್ಳುಳ್ಳಿ, ಬಿಸಿನೀರು, ಕಿವಿಗೆ ಹತ್ತಿ, ಕೆಲಸ ಮುಟ್ಟಂಗಿಲ್ಲ. ಗರ್ಭ ಹೋದವಳಿಗೆ, ಅದು ತಾನಾಗಿ ಹೋಗಿರಲಿ, ತೆಗೆಸಿರಲಿ, ಏನಿದೆ? ಮಾರನೇ ಬೆಳಗ್ಗೆ ಅವಳೇ ಕೊಟ್ಟಿಗೆ ಬಾಚಬೇಕು, ಹಾಲು ಡೇರಿಗೆ ಹಾಕಬೇಕು, ಗಾರ್ಮೆಂಟ್ಸ್ ಬಸ್ಸು ಹಿಡಿಯಬೇಕು. ಆ ಸ್ಥಿತಿಗೆ ನಮ್ಮ ಭಾಷೆಯಲ್ಲಿ ಒಂದು ಹೆಸರೂ ಇಲ್ಲ. ಹೆಸರಿಲ್ಲದ್ದಕ್ಕೆ ರಜೆ ಕೇಳೋದು ಹೇಗೆ? “ಹೊಟ್ಟೆನೋವು” ಅಂತಾಳೆ ಪಾಪ.

ಬ್ಲೀಡಿಂಗ್ ಬಗ್ಗೆಯೇ ಇಷ್ಟು ಹೇಳಿದೆ. ಬ್ಲೀಡಿಂಗಿಗಿಂತ ಸದ್ದಿಲ್ಲದೆ ಬರೋ ಅಪಾಯ ಸೋಂಕು. ಇದಕ್ಕೆ ಒಂದು ಹೆಸರನ್ನ ನೆನಪಿಸಬೇಕು. ಸವಿತಾ ಹಾಲಪ್ಪನವರ. ನಮ್ಮ ಬೆಳಗಾವಿಯ ಮಗಳು, ದಂತವೈದ್ಯೆ, 31 ವರ್ಷ. ಗಂಡನ ಜೊತೆ ಐರ್ಲೆಂಡಿನ ಗಾಲ್ವೆಯಲ್ಲಿದ್ದರು. 2012ರ ಅಕ್ಟೋಬರ್‌ನಲ್ಲಿ 17 ವಾರದ ಗರ್ಭ ತಾನಾಗಿ ಕಳಚಿಕೊಳ್ಳತೊಡಗಿತು. ಮಗು ಉಳಿಯಲ್ಲ ಅಂತ ಡಾಕ್ಟರುಗಳೇ ಹೇಳಿದರು. ಹಾಗಾದರೆ ತೆಗೆದುಬಿಡಿ ಅಂತ ಸವಿತಾ ಕೇಳಿದರು. ಭ್ರೂಣದ ಎದೆಬಡಿತ ಇನ್ನೂ ಇದೆ, ಇಲ್ಲಿನ ಕಾನೂನು ಬಿಡಲ್ಲ ಅಂದರು. ಸೋಂಕು ರಕ್ತಕ್ಕೆ ಇಳಿಯಿತು. ಅಕ್ಟೋಬರ್ 28ರಂದು ತೀರಿಕೊಂಡರು. ಆಮೇಲೆ ಆ ದೇಶದಲ್ಲಿ ಏನಾಯ್ತು ಅಂತ ನಿಮಗೆ ಗೊತ್ತು. ಬೀದಿ ಬೀದಿಯಲ್ಲಿ ಸವಿತಾ ಚಿತ್ರ ಹಿಡಿದು ನಿಂತರು. 2018ರ ಮೇ ತಿಂಗಳ ಜನಮತದಲ್ಲಿ ಶೇಕಡ 66ಕ್ಕೂ ಹೆಚ್ಚು ಜನ ಆ ಕಾನೂನಿನ ವಿರುದ್ಧ ಓಟು ಹಾಕಿದರು.

ಅಷ್ಟನ್ನು ಎಲ್ಲರೂ ಹೇಳ್ತಾರೆ. ಆದರೆ ಆ ಸಾವಿನ ತನಿಖೆಯಲ್ಲಿ ಇನ್ನೊಂದು ವಿಷಯ ಇದೆ. ಅಲ್ಲಿನ ಆರೋಗ್ಯ ಗುಣಮಟ್ಟ ಪ್ರಾಧಿಕಾರ 2013ರಲ್ಲಿ ಕೊಟ್ಟ ವರದಿ, ಅವರನ್ನ ಉಳಿಸಬಹುದಾಗಿದ್ದ 13 ಅವಕಾಶ ಕೈತಪ್ಪಿದವು ಅಂತ ಎಣಿಸಿ ಹೇಳಿತು. ಮೊದಲ ದಿನದ ರಕ್ತಪರೀಕ್ಷೆಯ ಫಲಿತಾಂಶವನ್ನ ಸರಿಯಾಗಿ ಹಿಂಬಾಲಿಸಲಿಲ್ಲ. ನಾಡಿ, ಉಷ್ಣತೆಯನ್ನ ನೋಡಬೇಕಾದಷ್ಟು ಸಲ ನೋಡಲಿಲ್ಲ. ಕಾನೂನು ಒಂದು ಕಡೆ, ಅಳೆಯದೇ ಇದ್ದದ್ದು ಇನ್ನೊಂದು ಕಡೆ. ಅದು ಮುಂದುವರಿದ ದೇಶದ ದೊಡ್ಡ ಆಸ್ಪತ್ರೆ.

ಹಾಗಾಗಿ ಮನೆಯಲ್ಲಿ ಥರ್ಮಾಮೀಟರ್ ಇರಲಿ. ಎರಡನೇ ಮಾತ್ರೆ ತೆಗೆದುಕೊಂಡ ದಿನ ಚಳಿ, ಸಣ್ಣ ಜ್ವರ ಬರೋದುಂಟು, ಅದು ಔಷಧದ್ದು. ಆದರೆ ಜ್ವರ 100.4 ಡಿಗ್ರಿ ದಾಟಿ ಒಂದು ದಿನವಾದರೂ ಇಳಿಯದಿದ್ದರೆ, ಅಥವಾ ಇಳಿದು ಮೂರು ದಿನ ಬಿಟ್ಟು ಮತ್ತೆ ಬಂದರೆ, ಹೋಗ್ತಿರೋದರಲ್ಲಿ ಕೊಳೆತ ವಾಸನೆ ಇದ್ದರೆ, ಹೊಟ್ಟೆ ಮುಟ್ಟಿದರೆ ಜೀವ ಹೋಗುವಷ್ಟು ನೋವಿದ್ದರೆ, ಅಲ್ಲಿ ಪ್ಯಾಡಿನ ಲೆಕ್ಕ ಬರೋದೇ ಇಲ್ಲ. ಬ್ಲೀಡಿಂಗ್ ಒಂದು ತೊಟ್ಟಿದ್ದರೂ ಅವತ್ತೇ ಆಸ್ಪತ್ರೆ.

ಸಣ್ಣಗೆ ಹೋಗ್ತಾನೇ ಇದೆ, ಜ್ವರ ಇಲ್ಲ, ಮೂರು ವಾರ ಆಯ್ತು ಅನ್ನೋರು? ಹೆದರಬೇಡಿ, ಆದರೆ ಒಮ್ಮೆ ತೋರಿಸಿ. ಇಲ್ಲಿ ಎರಡು ಕಡೆ ಜನ ದಿಕ್ಕು ತಪ್ಪುತ್ತಾರೆ. ಮನೆಯಲ್ಲೇ ಪ್ರೆಗ್ನೆನ್ಸಿ ಕಿಟ್ ತಂದು ನೋಡ್ತಾರೆ, ಎರಡು ಗೆರೆ ಬರುತ್ತೆ, ಎದೆ ಒಡೆಯುತ್ತೆ. ಗರ್ಭದ ಹಾರ್ಮೋನ್ ರಕ್ತದಿಂದ ಇಳಿಯೋಕೆ ವಾರಗಳೇ ಬೇಕು. ನಾಲ್ಕು ವಾರದ ಒಳಗೆ ಆ ಕಿಟ್ಟಿನ ಮಾತು ನಂಬೋಕಾಗಲ್ಲ. ಎರಡನೆಯದು ಸ್ಕ್ಯಾನಿಂಗ್. “ಒಳಗೆ ದಪ್ಪ ಕಾಣ್ತಿದೆ, ಕ್ಲೀನ್ ಮಾಡಿಸಬೇಕು” ಅಂತಾರೆ. ಗರ್ಭಪಾತವಾದ ಹೊಸತರಲ್ಲಿ ಒಳಪದರ ದಪ್ಪ ಕಾಣೋದು ಸಹಜ. ಸ್ಕ್ಯಾನಿಂಗ್ ಚಿತ್ರ ಒಂದನ್ನೇ ನೋಡಿ ಅಲ್ಲ, ಹೆಂಗಸಿನ ಲಕ್ಷಣ ನೋಡಿ ನಿರ್ಧಾರ ಮಾಡಬೇಕು. ನಿಜವಾಗಿ ಉಳಿದಿದ್ದರೂ ಕಾಯೋದು, ಮತ್ತೆ ಮಾತ್ರೆ ಕೊಡೋದು, ಹೀರಿ ತೆಗೆಯೋದು ಹೀಗೆ ಮೂರು ದಾರಿ ಇವೆ. ಚೂಪು ಸಾಧನದಿಂದ ಕೆರೆಯೋ ಹಳೇ ಡಿ ಅಂಡ್ ಸಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯೇ ಹೇಳುತ್ತೆ. ಆದರೆ ನಮ್ಮಲ್ಲಿ ‘ಡಿ ಅಂಡ್ ಸಿ’ ಅನ್ನೋದು ಮನೆಮಾತೇ ಆಗಿಬಿಟ್ಟಿದೆ. ನಿಮ್ಮ ಡಾಕ್ಟರನ್ನ ಕೇಳಿ, ಯಾವ ವಿಧಾನದಲ್ಲಿ ಮಾಡ್ತೀರಿ ಅಂತ. ಕೇಳೋದು ಅವಮಾನ ಅಲ್ಲ.

ಒಂದು ಮಾತು ಮರೀತಿದ್ದೆ. ಗರ್ಭಪಾತವಾದ ಮೇಲೆ ಮುಟ್ಟು ಬರೋದಕ್ಕೂ ಮೊದಲೇ, ಎರಡು ವಾರದೊಳಗೇ ಮತ್ತೆ ಗರ್ಭ ನಿಲ್ಲಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ, ಕಾಪರ್ ಟಿ ಬಗ್ಗೆ ಹೇಳೋದು. ಅಂತರಾ ಹಾಕಿಸಿಕೊಂಡವರಿಗೆ ಆ ಚುಚ್ಚುಮದ್ದಿನಿಂದಲೇ ಬ್ಲೀಡಿಂಗ್ ಏರುಪೇರಾಗುತ್ತೆ, ಛಾಯಾದಿಂದ ಮುಟ್ಟು ತಡವಾಗಬಹುದು. ಯಾವುದನ್ನ ಯಾವ ದಿನ ಶುರು ಮಾಡಿದಿರಿ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಇಡಿ. ಇಲ್ಲದಿದ್ದರೆ ಯಾವ ರಕ್ತ ಯಾತರದ್ದು ಅಂತ ಡಾಕ್ಟರಿಗೂ ಗೊತ್ತಾಗಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಹೋಗದೇ ಇರೋರಿದ್ದಾರೆ. ಯಾಕೆ? ಭಯ. ಪೊಲೀಸ್ ಕೇಸ್ ಆಗುತ್ತಾ, ಹೆಸರು ಆಚೆ ಬರುತ್ತಾ, ಗಂಡನ ಸಹಿ ಕೇಳ್ತಾರಾ ಅಂತ. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಭ್ರೂಣಲಿಂಗ ಪತ್ತೆ ಮಾಡ್ತಿದ್ದ ಜಾಲ ಸಿಕ್ಕಿಬಿದ್ದ ಮೇಲಂತೂ ಗರ್ಭಪಾತ ಅಂದರೇ ಅಪರಾಧ ಅನ್ನೋ ಭಾವನೆ ಹಳ್ಳಿ ಹಳ್ಳಿಯಲ್ಲಿ ಕೂತುಬಿಟ್ಟಿದೆ. ಬೇರೆ ಬೇರೆ ಮಾಡಿ ನೋಡಿ. ಹೆಣ್ಣು ಅಂತ ಪತ್ತೆ ಮಾಡಿ ತೆಗೆಸೋದು ಅಪರಾಧ. ಕಾನೂನಿನ ಚೌಕಟ್ಟಿನಲ್ಲಿ ಗರ್ಭಪಾತ ಮಾಡಿಸಿಕೊಳ್ಳೋದು ಅಪರಾಧ ಅಲ್ಲ, 1971ರಿಂದಲೇ ಅದಕ್ಕೆ ಕಾಯ್ದೆ ಇದೆ. 2021ರ ತಿದ್ದುಪಡಿ ಪ್ರಕಾರ 20 ವಾರದವರೆಗೆ ಒಬ್ಬ ಡಾಕ್ಟರ್ ಅಭಿಪ್ರಾಯ ಸಾಕು. ಕೆಲವು ಸಂದರ್ಭಗಳಲ್ಲಿ ಇಬ್ಬರು ಡಾಕ್ಟರ್ ಒಪ್ಪಿದರೆ 24 ವಾರದವರೆಗೆ. ಮದುವೆಯಾಗದವರಿಗೂ ಈ ಹಕ್ಕು ಇದೆ ಅಂತ 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಹೇಳಿತು. ಆ ಪೀಠದ ಮೂವರಲ್ಲಿ ಒಬ್ಬರು ನಮ್ಮ ಕೊಡಗಿನ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ. ಹದಿನೆಂಟು ತುಂಬಿದ ಹೆಣ್ಣಿಗೆ ಅವಳ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿ ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಅವಳ ಹೆಸರು, ವಿವರವನ್ನ ಕಾನೂನಿನ ಪ್ರಕಾರ ಅಧಿಕಾರ ಇಲ್ಲದವರಿಗೆ ಹೇಳಿದ ಡಾಕ್ಟರಿಗೆ ಒಂದು ವರ್ಷದವರೆಗೆ ಜೈಲು, ಇಲ್ಲ ದಂಡ, ಇಲ್ಲ ಎರಡೂ.

ಅಂಗಡಿ ಮಾತ್ರೆ ನುಂಗಿದವರು? ನೀವೂ ಹೋಗಬೇಕು. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮೊದಲು ಚಿಕಿತ್ಸೆ, ಆಮೇಲೆ ಮಿಕ್ಕಿದ್ದು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ. ಡಾಕ್ಟರ್ ಮುಂದೆ ಮಾತ್ರ ಸುಳ್ಳು ಹೇಳಬೇಡಿ. ಯಾವ ಮಾತ್ರೆ, ಯಾವ ದಿನ, ಎಷ್ಟು ಅಂತ ಹೇಳಿ. ಖಾಲಿ ಪಟ್ಟಿ ಬಿಸಾಡದೆ ಇಟ್ಟುಕೊಳ್ಳಿ, ತೋರಿಸಿ.

ಈಗ ಈ ಕಾರ್ಯಕ್ರಮ ನೋಡ್ತಿರೋ ಗಂಡಸರಿಗೆ. ರಿಮೋಟ್ ಕೆಳಗಿಟ್ಟಿದ್ದೀರಿ ಅಂತ ಅಂದುಕೊಂಡಿದ್ದೀನಿ. ಸೋಲೂರಿನಂಥ ಊರಲ್ಲಿ ರಾತ್ರಿ ಹನ್ನೊಂದಕ್ಕೆ ಬಸ್ಸಿಲ್ಲ. ಒಂದು ಕಡೆ ನೆಲಮಂಗಲ, ಇನ್ನೊಂದು ಕಡೆ ಕುಣಿಗಲ್, ಕೆಳಗೆ ಮಾಗಡಿ. ಯಾವ ಆಸ್ಪತ್ರೆಯಲ್ಲಿ ರಾತ್ರಿ ಸ್ತ್ರೀರೋಗ ಡಾಕ್ಟರ್ ಇರ್ತಾರೆ ಅಂತ ಹಗಲೇ ವಿಚಾರಿಸಿ. ಬೈಕಿನಲ್ಲಿ ಪೆಟ್ರೋಲ್ ಇರಲಿ. ಆದರೆ ತಲೆಸುತ್ತು ಇರೋಳನ್ನ ಬೈಕಿನ ಹಿಂದೆ ಕೂರಿಸಬೇಡಿ, ಆಟೋ, ಕಾರು, ಇಲ್ಲ 108. ಅವಳ ರಕ್ತದ ಗುಂಪು ನಿಮ್ಮ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಎರಡು ವಾರ ನೀರು ನೀವು ಹೊರಿ. ಪ್ಯಾಡು ತರೋಕೆ ಅಂಗಡಿಗೆ ನೀವೇ ಹೋಗಿ, ಪೇಪರಿನಲ್ಲಿ ಸುತ್ತಿಕೊಡಿ ಅಂತ ಮಾತ್ರ ಕೇಳಬೇಡಿ.

ಆಶಾ ಕಾರ್ಯಕರ್ತೆಯರು, ನರ್ಸಮ್ಮಂದಿರು ನೋಡ್ತಿದ್ದರೆ ನನ್ನದೊಂದು ಕೋರಿಕೆ. ಮುಂದಿನ ಸಲ ಚೀಟಿ ಕೊಡುವಾಗ ಅದರ ಹಿಂದೆ ಮೂರು ಸಾಲು ಕನ್ನಡದಲ್ಲಿ ಬರೆದುಕೊಡಿ. ಗಂಟೆಗೆ ಎರಡು ಪ್ಯಾಡು, ಎರಡು ಗಂಟೆ. ಜ್ವರ 100.4, ಒಂದು ದಿನ. ವಾಸನೆ, ಒಂದೇ ಪಕ್ಕ ನೋವು, ತಲೆಸುತ್ತು. ಕೆಳಗೆ ಒಂದು ಫೋನ್ ನಂಬರು. ಯಾರ ನಂಬರೂ ಇಲ್ಲದಿದ್ದರೆ 104, ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ.

ಬರೆದುಕೊಂಡ್ರಾ? 104. ನಾಳೆ ಇದೇ ಹೊತ್ತಿಗೆ ಸಿಗ್ತೀನಿ, ನಮಸ್ಕಾರ.